ಅಕ್ಕೋರ ಅಡುಗೆಮನೆಯ ಕಪಾಟು: ಎಂಡಿಎಫ್ ಹಲಗೆಯಲ್ಲಿ ಸ್ಕ್ರೂ ಯಾಕೆ ನಿಲ್ಲಲಿಲ್ಲ

ಆಷಾಢದ ಮಳೆ ಹಿಡಿದು ಕೂತಿದ್ದ ಒಂದು ಬೆಳಿಗ್ಗೆ ಅಕ್ಕೋರ ಫೋನ್ ಬಂತು. ಶಿರಸಿಯಲ್ಲಿ ನಮ್ಮ ಬೀದಿಯ ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ನನಗೆ ಮೂರನೇ ಇಯತ್ತೆಯಲ್ಲಿ ಲೆಕ್ಕ ಹೇಳಿಕೊಟ್ಟವರೂ ಅವರೇ.

"ತಮ್ಮಾ, ಕಪಾಟಿನ ಬಾಗಿಲು ಕೈಗೇ ಬಂತು ನೋಡು. ಹಿಡ್ಕೊಂಡೇ ನಿಂತಿದ್ದೆ. ಇಲ್ದಿದ್ರೆ ಕಾಲಿನ ಮೇಲೆ ಬೀಳ್ತಿತ್ತು."

ಹೋಗಿ ನೋಡಿದಾಗ ಬಾಗಿಲು ಕಿತ್ತು ಬಂದದ್ದು ಸಣ್ಣ ವಿಷಯ ಅನ್ನಿಸಿತು. ಒಲೆಯ ಪಕ್ಕದ ಗೋಡೆಗೆ ತೂಗಿಸಿದ್ದ ಆ ಪೆಟ್ಟಿಗೆಯ ಬಲಗಡೆ ತಳದ ಮೂಲೆಯಲ್ಲಿ, ಹಲಗೆಯ ದಪ್ಪದ ನಟ್ಟನಡುವೆ, ಕೂದಲೆಳೆಯಂಥ ಬಿರುಕೊಂದು ಒಳಗಿನವರೆಗೆ ಓಡಿತ್ತು. ಪೆಟ್ಟಿಗೆಯೊಳಗೆ ಅಕ್ಕಿ, ತೊಗರಿಬೇಳೆ, ಬೆಲ್ಲದ ಸ್ಟೀಲ್ ಡಬ್ಬಗಳು. ಮೊದಲು ಅಷ್ಟನ್ನೂ ಕೆಳಗಿಳಿಸಿದೆ.

ಅಡುಗೆಮನೆ ಮಾಡಿಸಿ ಆಗ 14 ತಿಂಗಳಾಗಿತ್ತು. ಮಾಡಿದವರು ಊರಿನವರಲ್ಲ. ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿದು, ನಾಲ್ಕು ದಿನದಲ್ಲಿ ಜೋಡಿಸಿ ಹೋಗಿದ್ದರು. "ಪ್ಲೈವುಡ್ ಅಂದಿದ್ರು" ಎಂದರು ಅಕ್ಕೋರು. ಬಿರುಕಿನ ಹತ್ತಿರ ಉಗುರಲ್ಲಿ ಕೆರೆದರೆ ರಟ್ಟಿನ ಹೊಟ್ಟಿನಂಥ ನಾರು ಉದುರಿತು. ಎರಡೂ ಬದಿಗೆ ಬಿಳಿ ಲ್ಯಾಮಿನೇಟ್ ಅಂಟಿಸಿದ 18 ಮಿ.ಮೀ. ಎಂಡಿಎಫ್ ಅದು, ಎಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ. ಎಂಡಿಎಫ್ ಕೆಟ್ಟ ವಸ್ತು ಎಂದು ನಾನು ಹೇಳುವುದಿಲ್ಲ. ಮಟ್ಟಸವಾದ, ಗಂಟಿಲ್ಲದ, ಬಣ್ಣ ಚೆನ್ನಾಗಿ ಹಿಡಿಯುವ ಹಲಗೆ. ಆದರೆ ಅದನ್ನು ಮರ ಎಂದುಕೊಂಡು ಸ್ಕ್ರೂ ಹೊಡೆದರೆ ಅದು ಸಹಿಸುವುದಿಲ್ಲ. ಈ ಬರಹದ ವಿಷಯ ಅಷ್ಟೇ. ಇಂಥ ಕಪಾಟುಗಳು ಈಗ ಮನೆಮನೆಯಲ್ಲೂ ಇರುವುದರಿಂದ ನಾನು ಕಂಡದ್ದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಬಿಚ್ಚಿದಾಗ ಕಂಡದ್ದು

ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ ಜಗಲಿಯಲ್ಲಿ ಕಂಬಳಿಯ ಮೇಲೆ ಮಲಗಿಸಿದೆ. 900 ಮಿ.ಮೀ. ಅಗಲ, 600 ಎತ್ತರ, 300 ಆಳ. ನಡುವೆ ಒಂದು ಅಡ್ಡಹಲಗೆ, ಎರಡು ಬಾಗಿಲು, ಹಿಂದೆ 6 ಮಿ.ಮೀ. ಹಲಗೆ. ಲೆಕ್ಕ ಹಾಕಿದರೆ ಬರೀ ಪೆಟ್ಟಿಗೆಯೇ ಸುಮಾರು 25 ಕಿಲೋ ಆಗುತ್ತದೆ. ಒಂದೊಂದು ಬಾಗಿಲು ಮೂರೂವರೆ ಕಿಲೋ. ಎಂಡಿಎಫ್ ಒಂದು ಘನ ಮೀಟರಿಗೆ 700ರಿಂದ 800 ಕಿಲೋ ತೂಗುವ ವಸ್ತು, ಸಾಗುವಾನಿಗಿಂತ ಭಾರ. ಒಳಗಿನ ಕಾಳುಕಡಿ ಇನ್ನೊಂದು 30 ಕಿಲೋ ಇತ್ತು. ಆ 30 ಕಿಲೋದಲ್ಲಿ ತಳದ ಹಲಗೆಯ ಪಾಲಿಗೆ ಬಂದದ್ದನ್ನು ಎರಡು ತುದಿಗಳಲ್ಲಿ ಹೊತ್ತು ನಿಂತದ್ದು ಆರೇ ಆರು ಸ್ಕ್ರೂ.

ಮಷಿನ್ ಹಚ್ಚದೆ, ಕೈ ತಿರುಪುಳಿಯಲ್ಲಿ ಒಂದೊಂದನ್ನೇ ತೆಗೆದು, ಯಾವುದು ಎಲ್ಲಿಯದು ಎಂದು ತಿಳಿಯುವಂತೆ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಇದು ಅಪ್ಪ ಕಲಿಸಿದ ರೂಢಿ. ಕೆಟ್ಟ ಕೆಲಸವನ್ನು ಬಿಚ್ಚುವಾಗ ಅವಸರ ಮಾಡಿದರೆ ಕೆಟ್ಟದ್ದಕ್ಕೆ ಕಾರಣವೂ ಅದರ ಜೊತೆಗೇ ಹೋಗಿಬಿಡುತ್ತದೆ. ನಾಲ್ಕು ಮೂಲೆಗೆ ಮೂರರಂತೆ 12 ಸ್ಕ್ರೂ. ಎಲ್ಲವೂ 35 ಮಿ.ಮೀ. ಉದ್ದದ, 8 ನಂಬರಿನ ಕಪ್ಪು ಜಿಪ್ಸಮ್ ಸ್ಕ್ರೂ. ಎರಡರ ತಲೆ ಮುರಿದು, ದೇಹ ಹಲಗೆಯೊಳಗೇ ಉಳಿದಿತ್ತು. ಐದು ಸ್ಕ್ರೂಗಳು ಎರಡು ಸುತ್ತಿಗೇ ಸಡಿಲಾಗಿ ಬೆರಳಲ್ಲಿ ಎತ್ತಿದರೆ ಬಂದವು. ಅವುಗಳ ಸುರುಳಿ ಎಳೆಯ ಸಂದಿನಲ್ಲಿ ನುಣ್ಣನೆಯ ಪುಡಿ ತುಂಬಿತ್ತು. ಎಲ್ಲದರ ಕುತ್ತಿಗೆಯಲ್ಲೂ ತುಕ್ಕು ಶುರುವಾಗಿತ್ತು.

ಪಕ್ಕದ ಹಲಗೆ 18 ಮಿ.ಮೀ. ದಪ್ಪ. 35 ಮಿ.ಮೀ. ಸ್ಕ್ರೂ ಅದನ್ನು ದಾಟಿ ತಳದ ಹಲಗೆಯ ಅಂಚಿನೊಳಗೆ ಹೋಗುವುದು 17 ಮಿ.ಮೀ. ಮಾತ್ರ. ಅದರಲ್ಲೂ ಚೂಪಾದ ತುದಿಯ ನಾಲ್ಕೈದು ಮಿ.ಮೀ. ಏನನ್ನೂ ಹಿಡಿಯುವುದಿಲ್ಲ. ಮುಂದಿನ ಸ್ಕ್ರೂ ಮೂಲೆಯಿಂದ 20 ಮಿ.ಮೀ. ದೂರದಲ್ಲಿತ್ತು. ಎಲ್ಲೂ ಮೊದಲೇ ತೂತು ಕೊರೆದ ಗುರುತಿಲ್ಲ. ವರ್ನಿಯರ್ ಹಿಡಿದು ಅಂಚಿನ ದಪ್ಪ ಅಳೆದೆ. ಸ್ಕ್ರೂ ಇಲ್ಲದ ಕಡೆ 18.1, ಸ್ಕ್ರೂ ಹೋದ ಕಡೆ 19ಕ್ಕಿಂತ ಹೆಚ್ಚು. ಹಲಗೆ ಸ್ಕ್ರೂವನ್ನು ನುಂಗಿದ ಹಾವಿನ ಹೊಟ್ಟೆಯಂತೆ ಉಬ್ಬಿತ್ತು.

ಇನ್ನೊಂದು ಸಂಗತಿ ಕಂಡು ನಿಜಕ್ಕೂ ಬೇಜಾರಾಯಿತು. ಜೋಡಣೆಯ ಸಂದಿಗೆ ಫೆವಿಕಾಲ್ ಹಚ್ಚಿದ್ದರು, ಧಾರಾಳವಾಗಿಯೇ. ಆದರೆ ಹಚ್ಚಿದ್ದು ಪಕ್ಕದ ಹಲಗೆಯ ಲ್ಯಾಮಿನೇಟಿನ ಮೇಲೆ. ಬಿಳಿ ಅಂಟು ಕೆಲಸ ಮಾಡುವುದು ನಾರಿನೊಳಗೆ ಇಳಿದು ನೀರು ಬಿಟ್ಟು ಗಟ್ಟಿಯಾದಾಗ. ಲ್ಯಾಮಿನೇಟು ಅದನ್ನು ಒಳಗೆ ಬಿಡುವುದೇ ಇಲ್ಲ. ಅಂಟು ಹಾಲಿನ ಕೆನೆಯ ಹಾಗೆ ಒಂದೇ ಪದರವಾಗಿ ಸುಲಿದು ಬಂತು. ಎಂದರೆ ಆ ಪೆಟ್ಟಿಗೆಗೆ ಅಂಟಿನ ಆಸರೆ ಒಂದು ದಿನವೂ ಇರಲಿಲ್ಲ.

ಅಂಚು ಯಾಕೆ ಸೀಳುತ್ತದೆ

ಮರದ ಪುಡಿನಾರನ್ನು ಅಂಟುರಾಳದ ಜೊತೆ ಕಲಸಿ, ಕಾದ ಎರಡು ತಟ್ಟೆಗಳ ನಡುವೆ ಒತ್ತಿ ಎಂಡಿಎಫ್ ಮಾಡುತ್ತಾರೆ. ತಟ್ಟೆಗೆ ತಾಗಿದ ಮೇಲ್ಮೈ ಮೊದಲು ಬಿಸಿಯಾಗಿ ಹೆಚ್ಚು ಒತ್ತಿಕೊಳ್ಳುತ್ತದೆ, ನಡು ಅಷ್ಟು ಒತ್ತಿಕೊಳ್ಳುವುದಿಲ್ಲ. ಹೊರಗೆ ಗಟ್ಟಿ ತೊಗಟೆ, ಒಳಗೆ ಮೆದು ತಿರುಳು. ನಾರುಗಳೆಲ್ಲ ಹಲಗೆಯ ಉದ್ದಗಲಕ್ಕೆ ಮಲಗಿರುತ್ತವೆ. ಮುಖದ ಕಡೆಯಿಂದ ಸ್ಕ್ರೂ ಹಾಕಿದರೆ ಅದು ಮಲಗಿದ ನಾರನ್ನು ಅಡ್ಡಹಾಯ್ದು ಗಟ್ಟಿ ತೊಗಟೆಯನ್ನು ಕಚ್ಚುತ್ತದೆ. ಅಂಚಿನಿಂದ ಹಾಕಿದರೆ ಮೆದು ತಿರುಳಿನಲ್ಲಿ ಪದರಗಳ ನಡುವೆ ನುಗ್ಗುತ್ತದೆ. ದಪ್ಪ ಪುಸ್ತಕದ ಹಾಳೆಗಳ ನಡುವೆ ಪೆನ್ಸಿಲ್ ತುರುಕಿದರೆ ಏನಾಗುತ್ತದೋ ಅದೇ ಆಗುತ್ತದೆ.

ಮರದಲ್ಲಿ ಹಾಗಲ್ಲ. ಹೊನ್ನೆಯಲ್ಲೋ ಹಲಸಿನಲ್ಲೋ ನಾರಿಗೆ ಅಡ್ಡವಾಗಿ ಸ್ಕ್ರೂ ಹೊಕ್ಕರೆ ಅದು ಬಾಗಿ ಪಕ್ಕಕ್ಕೆ ಸರಿದು, ಮತ್ತೆ ಹಿಂದಕ್ಕೆ ಒತ್ತಿ ಸ್ಕ್ರೂವನ್ನು ಹಿಡಿದುಕೊಳ್ಳುತ್ತದೆ. ಮರಕ್ಕೆ ಆ ಕ್ಷಮೆ ಇದೆ. ಆದರೂ ಅಪ್ಪ ಬೈರಿಗೆಯಲ್ಲಿ ತೂತು ಮಾಡದೆ ಒಂದು ಸ್ಕ್ರೂವನ್ನೂ ಹಾಕಿದ್ದು ನಾನು ಕಂಡಿಲ್ಲ. ಹಿತ್ತಾಳೆ ಸ್ಕ್ರೂ ಆದರೆ, ಅದೇ ಅಳತೆಯ ಕಬ್ಬಿಣದ್ದನ್ನು ಮೊದಲು ಹಾಕಿ ತೆಗೆದು, ದಾರಿ ಆದ ಮೇಲೆ ಹಿತ್ತಾಳೆಯದನ್ನು ಮೇಣ ಸವರಿ ಕೈಯಲ್ಲಿ ಬಿಗಿಯುತ್ತಿದ್ದರು. ಮೆದುವಾದ ಹಿತ್ತಾಳೆ ಗಟ್ಟಿಮರದಲ್ಲಿ ತಿರುಚಿ ಮುರಿಯಬಾರದು ಎಂಬ ಎಚ್ಚರ. ಬ್ಯಾಟರಿ ಡ್ರಿಲ್ ಬಂದ ಮೇಲೆ ಈ ಎಚ್ಚರ ಕೈಬಿಟ್ಟುಹೋಯಿತು. ಮಷಿನ್‌ಗೆ ಶಕ್ತಿ ಇದೆ, ಸ್ಕ್ರೂ ಒಳಗೆ ಹೋಗಿಯೇ ಹೋಗುತ್ತದೆ. ಒಳಗೆ ಹೋದದ್ದನ್ನೇ ಹಿಡಿದುಕೊಂಡಿತು ಎಂದು ನಾವು ಭಾವಿಸಿಬಿಡುತ್ತೇವೆ.

ಆ ಕಪ್ಪು ಸ್ಕ್ರೂ ಬಗ್ಗೆಯೂ ಹೇಳಬೇಕು. ಜಿಪ್ಸಮ್ ಹಲಗೆಯನ್ನು ಚೌಕಟ್ಟಿಗೆ ಹಿಡಿಸಲೆಂದು ಹುಟ್ಟಿದ್ದು ಅದು. ಅದರ ತಲೆಯ ಕೆಳಭಾಗ ಕಹಳೆಯ ಬಾಯಿಯಂತೆ ಬಾಗಿರುವುದು ಜಿಪ್ಸಮ್ಮಿನ ಮೇಲಿನ ಕಾಗದ ಹರಿಯದಂತೆ ಒತ್ತಿ ಕೂರಲು. ಎಂಡಿಎಫ್‌ನಲ್ಲಿ ಅದೇ ಆಕಾರ ಬೆಣೆಯ ಕೆಲಸ ಮಾಡುತ್ತದೆ. ಉಕ್ಕನ್ನು ಗಡುಸು ಮಾಡಿರುವುದರಿಂದ ಅದು ಬಾಗುವುದಿಲ್ಲ, ಪಟ್ ಎಂದು ಮುರಿಯುತ್ತದೆ. ಮೇಲಿನ ಕಪ್ಪು ಲೇಪ ನಮ್ಮ ಘಟ್ಟದ ಮಳೆಗಾಲದ ತೇವಕ್ಕೆ ತಡೆಯುವಂಥದ್ದಲ್ಲ. ಅಗ್ಗ, ಚೂಪು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕೇ ಎಲ್ಲದಕ್ಕೂ ಅದನ್ನೇ ಹೊಡೆಯುತ್ತಾರೆ.

ತಳದ ಹಲಗೆಗೂ ಪಕ್ಕದ ಹಲಗೆಗೂ ನಡುವೆ ಸುಮಾರು ಒಂದು ಮಿ.ಮೀ. ಸಂದು ಇತ್ತು. ಸ್ಕ್ರೂ ಬಿಗಿಯಿದ್ದ ಮೂಲೆಯಲ್ಲೂ ಇತ್ತು. ಕಾರಣ ಸರಳ. ಮೊದಲ ಹಲಗೆಯಲ್ಲಿ ಸ್ಕ್ರೂ ಆರಾಮಾಗಿ ಜಾರುವಷ್ಟು ದೊಡ್ಡ ತೂತು ಇರಬೇಕು. ಆಗ ಎಳೆ ಎರಡನೇ ಹಲಗೆಯನ್ನು ಮಾತ್ರ ಕಚ್ಚಿ, ತಲೆ ಮೊದಲ ಹಲಗೆಯನ್ನು ಅದರ ಕಡೆಗೆ ಎಳೆದು ಕೂರಿಸುತ್ತದೆ. ಎಳೆ ಎರಡನ್ನೂ ಕಚ್ಚಿದರೆ, ಹೊಡೆಯುವಾಗ ಇದ್ದ ಸಂದು ಹಾಗೇ ಉಳಿಯುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಅದು ಮುಚ್ಚುವುದಿಲ್ಲ, ತೂತಿನೊಳಗಿನ ನಾರು ಹರಿಯುತ್ತದೆ ಅಷ್ಟೆ. ಆ ಒಂದು ಮಿ.ಮೀ. ಸಂದಿನಲ್ಲಿ ಕುಕ್ಕರಿನ ಹಬೆ, ಒರೆಸುವ ಬಟ್ಟೆಯ ನೀರು ಇಳಿದು ಅಂಚು ಕುಡಿದಿತ್ತು. ಬಿರುಕಿಗೆ ಬೀಜ ಬಿತ್ತಿದ್ದು ಸ್ಕ್ರೂ, ನೀರೆರೆದು ಬೆಳೆಸಿದ್ದು ಎರಡು ಮಳೆಗಾಲ.

ಬಾಗಿಲಿನ ಕಥೆ

ಬಾಗಿಲಿನ ಕೀಲು ಎಲ್ಲೆಡೆ ಸಿಗುವ ಬಟ್ಟಲು ಕೀಲು, ಬಾಗಿಲಲ್ಲಿ 35 ಮಿ.ಮೀ. ಗುಂಡನೆಯ ಕುಳಿ ತೋಡಿ ಕೂರಿಸುವಂಥದ್ದು. ಅದರ ಜೊತೆ ಬರುವುದು 3.5 ಮಿ.ಮೀ. ದಪ್ಪ, 16 ಮಿ.ಮೀ. ಉದ್ದದ ಸ್ಕ್ರೂ. ಇಲ್ಲಿ ಬಾಗಿಲಿಗೆ 19 ಮಿ.ಮೀ.ಯ ಕಪ್ಪು ಸ್ಕ್ರೂ ಹೊಡೆದಿದ್ದರು. ಹೊರಗಿನ ಲ್ಯಾಮಿನೇಟಿನ ಮೇಲೆ ನಾಲ್ಕು ಕಡೆ ಸಾಸಿವೆ ಕಾಳಿನಂಥ ಉಬ್ಬು ಎದ್ದಿತ್ತು. ಒರೆಸುವಾಗ ಕೈಗೆ ಸಿಗುತ್ತಿತ್ತಂತೆ, ಅದೇನೆಂದು ಅಕ್ಕೋರಿಗೆ ತಿಳಿದಿರಲಿಲ್ಲ.

ಕಿತ್ತು ಬಂದದ್ದು ಇನ್ನೊಂದು ತುದಿ, ಪಕ್ಕದ ಹಲಗೆಗೆ ಹಿಡಿಸಿದ ಪಟ್ಟಿ. ಅಲ್ಲಿಯ ತೂತುಗಳು ಕಿರುಬೆರಳ ತುದಿ ಹೋಗುವಷ್ಟು ಅಗಲವಾಗಿ, ಒಳಗೆ ಹತ್ತಿಯಂತೆ ಕೆದರಿದ್ದವು. ಒಂದರಲ್ಲಿ ಎರಡು ಬೆಂಕಿಕಡ್ಡಿ.

"ಬಾಗಿಲು ಜೋತಾಗ ಒಬ್ಬ ಹುಡುಗ ಬಂದು ಬಿಗಿ ಮಾಡಿ ಹೋಗ್ತಿದ್ದ" ಎಂದರು ಅಕ್ಕೋರು.

"ಎಷ್ಟು ಸಲ ಬಂದಿದ್ದ ಅಕ್ಕೋರೆ?"

"ನಾಲ್ಕು ಸಲ. ಪಾಪ, ದುಡ್ಡು ಕೇಳಲಿಲ್ಲ."

ನನ್ನ ಪ್ರಕಾರ ಈ ಪ್ರಕರಣದ ಮರ್ಮ ಆ ನಾಲ್ಕು ಸಲದಲ್ಲಿದೆ. ಎಂಡಿಎಫ್‌ನಲ್ಲಿ ಸ್ಕ್ರೂವಿನ ತಲೆ ಕೂತ ಮೇಲೆ ಇನ್ನೊಂದು ಅರ್ಧ ಸುತ್ತು ತಿರುಗಿಸಿದರೆ, ಎಳೆಗಳ ನಡುವೆ ಸಿಕ್ಕಿಕೊಂಡಿದ್ದ ನಾರು ಹರಿದು ಪುಡಿಯಾಗುತ್ತದೆ. ಕೈಗೆ ಒಂದು ಕ್ಷಣ ಬಿಗಿ ಎನಿಸಿ, ಆಮೇಲೆ ಹಗುರ ಎನಿಸುತ್ತದೆ. ಆ ಹಗುರ ಬಂತೆಂದರೆ ತೂತು ಸತ್ತಿತು. ಮತ್ತೆ ಬಿಗಿ ಮಾಡುವುದೆಂದರೆ ಉಳಿದಷ್ಟನ್ನೂ ಪುಡಿ ಮಾಡುವುದು. ಮರದ ಬಾಗಿಲಿನಲ್ಲಿ ಅಂಟು ಹಚ್ಚಿದ ಕಡ್ಡಿ ತುರುಕಿದರೆ ಒಂದಷ್ಟು ವರ್ಷ ನಿಲ್ಲುತ್ತದೆ, ನಾನೇ ಮಾಡಿದ್ದೇನೆ. ಇಲ್ಲಿ ಅಂಟೂ ಇರಲಿಲ್ಲ, ಹಿಡಿದುಕೊಳ್ಳುವ ನಾರೂ ಇರಲಿಲ್ಲ.

ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಮಾತಾಡಿದೆ. ಜಗಳಕ್ಕಲ್ಲ. ಅವನು ಕೈಚಳಕ ಇರುವವನೇ. "ಮಾಮ, ದಿನಕ್ಕೆ ನಾಲ್ಕು ಬಾಕ್ಸ್ ಏಳಬೇಕು. ತೂತು ಕೊರೀತಾ ಕೂತ್ರೆ ಚದರಡಿ ರೇಟಿಗೆ ಗಿಟ್ಟೂದಿಲ್ಲ" ಎಂದ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಪೆಟ್ಟಿಗೆಗೆ ಮೂಲೆಯ 12 ಸ್ಕ್ರೂ, ತೂತಿಗೆ ಅರ್ಧ ನಿಮಿಷ, ಒಟ್ಟು ಆರು ನಿಮಿಷ. ಕೀಲಿನ 16 ಸ್ಕ್ರೂಗೆ ನಾಲ್ಕು ನಿಮಿಷ. ಪೆಟ್ಟಿಗೆಗೆ ಹತ್ತು ನಿಮಿಷ. ಅಕ್ಕೋರ ಮನೆಯ ಗೋಡೆಯ ಐದೂ ಪೆಟ್ಟಿಗೆ ಸೇರಿದರೂ ಒಂದು ತಾಸು ಆಗುವುದಿಲ್ಲ. ಆ ತಾಸನ್ನು ಉಳಿಸಿ ಅವನು ಬೈಕಿನಲ್ಲಿ ನಾಲ್ಕು ಸಲ ಓಡಾಡಿದ್ದ.

ತುಂಡು ಹಲಗೆಯ ಮೇಲೆ ನೋಡಿದ್ದು

ರಿಪೇರಿಗೆ ಕೈ ಹಾಕುವ ಮುಂಚೆ ಆ ಅಡುಗೆಮನೆಯದೇ ಒಂದು ಉಳಿದ ತುಂಡನ್ನು ಅಟ್ಟದಿಂದ ತರಿಸಿಕೊಂಡು ಕೊಟ್ಟಿಗೆಯಲ್ಲಿ ಪರೀಕ್ಷೆ ಮಾಡಿದೆ. 8 ನಂಬರಿನ ಸ್ಕ್ರೂವಿನ ಹೊರ ಅಳತೆ ಸುಮಾರು 4.2 ಮಿ.ಮೀ., ಎಳೆ ಬಿಟ್ಟು ಒಳಗಿನ ಕಾಂಡ ಸುಮಾರು 3. ಅಂಚಿನಲ್ಲಿ ತೂತೇ ಇಲ್ಲದೆ ಹಾಕಿದಾಗ ಪ್ರತಿಸಲವೂ ಉಬ್ಬಿತು. ಮೂಲೆಗೆ ಹತ್ತಿರ ಹಾಕಿದ್ದು ಕಣ್ಣೆದುರೇ ಬಾಯಿ ಬಿಟ್ಟಿತು. 2 ಮಿ.ಮೀ. ತೂತಿಗೂ ಉಬ್ಬು ಬಂತು. 3 ಮಿ.ಮೀ. ತೂತನ್ನು ಸ್ಕ್ರೂ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚೇ ಆಳಕ್ಕೆ ಕೊರೆದು, ಬಾಯಿಯನ್ನು ಚೂರು ಅಗಲಿಸಿ ಹಾಕಿದಾಗ ಅಂಚು ಅಲುಗಲಿಲ್ಲ, ಹಿಡಿತವೂ ಗಟ್ಟಿ. 3.5 ಮಾಡಿದರೆ ಸ್ಕ್ರೂ ಬಲು ಬೇಗ ಹಿಡಿತ ಬಿಟ್ಟು ಸುಮ್ಮನೆ ಸುತ್ತತೊಡಗಿತು. ಅರ್ಧ ಮಿ.ಮೀ. ಆಚೀಚೆಗೆ ಇಷ್ಟು ವ್ಯತ್ಯಾಸ. ಮರದಲ್ಲಿ ಇಷ್ಟು ಸೂಕ್ಷ್ಮ ನನಗೆ ಎಂದೂ ಬೇಕಾಗಿರಲಿಲ್ಲ. ಒಳಗೆ ಆಳ ಹೆಚ್ಚು ಕೊರೆಯುವುದಕ್ಕೂ ಕಾರಣವಿದೆ: ಎಳೆ ಕೆರೆದ ಪುಡಿಗೆ ಕೂರಲು ಜಾಗ ಬೇಕು, ಇಲ್ಲದಿದ್ದರೆ ಆ ಪುಡಿಯೇ ತುದಿಯಲ್ಲಿ ಬೆಣೆಯಾಗುತ್ತದೆ.

ಇದನ್ನೆಲ್ಲ ಮಾಡುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಬಾಗಿಲು ತೆರೆದಿಡಿ. ಎಂಡಿಎಫ್ ಧೂಳು ಹಿಟ್ಟಿನಷ್ಟು ನುಣ್ಣಗೆ, ಅದರಲ್ಲಿ ಫಾರ್ಮಾಲ್ಡಿಹೈಡ್ ರಾಳವೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನೂ ಫಾರ್ಮಾಲ್ಡಿಹೈಡನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವವುಗಳ ಪಟ್ಟಿಯಲ್ಲಿಟ್ಟಿದೆ. ನಮ್ಮ ಕಸುಬಿನ ಹುಡುಗರು ಬರಿಮೂಗಲ್ಲಿ ದಿನವಿಡೀ ಅದರಲ್ಲೇ ಇರುತ್ತಾರೆ. ನೋಡಿದಾಗೆಲ್ಲ ಸಂಕಟವಾಗುತ್ತದೆ.

ರಿಪೇರಿ

ಬಿರುಕಿನೊಳಗೆ ತೆಳು ಚಾಕುವಿನಿಂದ ಸಂದು ಮಾಡಿ, ಇಂಜೆಕ್ಷನ್ ಸಿರಿಂಜಿನಲ್ಲಿ ಬಿಳಿ ಅಂಟು ಇಳಿಸಿ, ಎರಡೂ ಕಡೆ ಪಟ್ಟಿ ಕೊಟ್ಟು ಕ್ಲಾಂಪ್ ಬಿಗಿದು ಒಂದು ದಿನ ಬಿಟ್ಟೆ. ಉಬ್ಬು ಪೂರ್ತಿ ಇಳಿಯಲಿಲ್ಲ, 18.4ಕ್ಕೆ ಬಂದು ನಿಂತಿತು. ಒಮ್ಮೆ ನೀರು ಕುಡಿದು ಉಬ್ಬಿದ ನಾರು ಮೊದಲಿನಂತಾಗುವುದಿಲ್ಲ. ತಲೆ ಮುರಿದ ಎರಡು ಸ್ಕ್ರೂಗಳನ್ನು ಒಳಗೇ ಬಿಟ್ಟೆ. ಅವನ್ನು ತೆಗೆಯಲು ಹೋದರೆ ಅಂಚೇ ಹೋಗುತ್ತಿತ್ತು.

ಹಳೆಯ ತೂತುಗಳನ್ನು ಮತ್ತೆ ಬಳಸಲಿಲ್ಲ. ಪ್ರತಿ ಮೂಲೆಗೆ ಹೊಸದಾಗಿ ಎರಡು ಕನ್ಫರ್ಮೇಟ್ ಸ್ಕ್ರೂ, ನಡುವೆ ಎರಡು 8 ಮಿ.ಮೀ. ಮರದ ಗೂಟ. ಕನ್ಫರ್ಮೇಟ್ ಸ್ಕ್ರೂ ಇಂಥ ಹಲಗೆಗೆಂದೇ ಮಾಡಿದ್ದು: 7 ಮಿ.ಮೀ. ದಪ್ಪ, 50 ಉದ್ದ, ಕಾಂಡ ದಪ್ಪ, ಎಳೆ ಅಗಲ, ಎಳೆ ಇರುವ ಭಾಗ ಪೂರ್ತಿ ಒಂದೇ ದಪ್ಪ. ಚೂಪಾಗುತ್ತಾ ಹೋಗುವುದಿಲ್ಲವಾದ್ದರಿಂದ ಬೆಣೆಯಂತೆ ಸೀಳುವುದಿಲ್ಲ. ಪಕ್ಕದ ಹಲಗೆಗೆ 7 ಮಿ.ಮೀ., ಅಂಚಿಗೆ 5 ಮಿ.ಮೀ. ತೂತು, ಎರಡನ್ನೂ ಒಮ್ಮೆಲೇ ಕೊರೆಯುವ ಮೆಟ್ಟಿಲು ಬಿಟ್ ಸಿಗುತ್ತದೆ. 32 ಮಿ.ಮೀ. ಅಂಚಿನೊಳಗೆ ಹೋಗುತ್ತದೆ, ಮೊದಲಿನ 17ರ ಜಾಗದಲ್ಲಿ. ಆದರೆ ಅಂಚಿನ ಸರಿ ನಡುವಿಗೆ ನೇರ ಕೊರೆಯಬೇಕು, ಎರಡು ಮಿ.ಮೀ. ಓರೆಯಾದರೂ ಒಂದು ಬದಿ ಒಡೆಯಬಹುದು. ಮೂಲೆಯಿಂದ 50 ಮಿ.ಮೀ. ದೂರ ಬಿಟ್ಟೆ. ಗೂಟಗಳು ಲ್ಯಾಮಿನೇಟನ್ನು ದಾಟಿ ನಾರಿನೊಳಗೆ ಕೂರುವುದರಿಂದ ಈ ಸಲ ಅಂಟಿಗೆ ಹಿಡಿಯಲು ಏನಾದರೂ ಸಿಕ್ಕಿತು.

ಕೀಲಿನ ಸತ್ತ ತೂತುಗಳನ್ನು 10 ಮಿ.ಮೀ.ಗೆ ಶುದ್ಧವಾಗಿ ಕೊರೆದು ಹೊನ್ನೆಯ ಬಿರಡೆ ಅಂಟಿಸಿದೆ. ಇಲ್ಲಿ ಒಂದು ಮಾತು. ಅಂಗಡಿಯ ಗುಂಡುಗೂಟವನ್ನು ತುಂಡು ಮಾಡಿ ಹಾಕಿದರೆ ಸ್ಕ್ರೂ ಅದರ ನಾರಿನ ಉದ್ದಕ್ಕೇ ಇಳಿಯುತ್ತದೆ, ಆ ದಿಕ್ಕಿನಲ್ಲಿ ಮರದ ಹಿಡಿತ ಕಮ್ಮಿ. ಅದಕ್ಕೇ ಹಲಗೆಯ ಮುಖದಿಂದ ಬಿರಡೆ ಕತ್ತರಿಸುವ ಬಿಟ್ ಬಳಸಿ, ನಾರು ಅಡ್ಡ ಬರುವಂತೆ ಮಾಡಿಕೊಂಡೆ. ಒಣಗಿದ ಮೇಲೆ 2.5 ಮಿ.ಮೀ. ತೂತು, 16 ಮಿ.ಮೀ. ಸ್ಕ್ರೂ, ಕೊನೆಯ ಎರಡು ಸುತ್ತು ಕೈ ತಿರುಪುಳಿಯಲ್ಲಿ. ಎರಡನೇ ಬಾಗಿಲಿನ ಕಡೆ ಬೇಗ ಮುಗಿಸುವ ಆಸೆಗೆ ಮಷಿನ್ ಹಚ್ಚಿದೆ. ಎಷ್ಟು ಬಿಗಿಯಾದಾಗ ತಿರುಗುವುದು ನಿಲ್ಲಬೇಕೆಂದು ಗೊತ್ತುಮಾಡುವ ಕ್ಲಚ್ಚಿನ ಸಂಖ್ಯೆ ಇಳಿಸಿರಲಿಲ್ಲ. ಚೆನ್ನಾಗಿದ್ದ ಒಂದು ತೂತು ನನ್ನ ಕೈಯಲ್ಲೇ ಹಗುರಾಯಿತು. ಅದಕ್ಕೂ ಬಿರಡೆ ಹಾಕಿ ಮರುದಿನದವರೆಗೆ ಕಾದೆ.

ಪೆಟ್ಟಿಗೆಯನ್ನು ಮೊದಲು ತೂಗಿಸಿದ್ದು 6 ಮಿ.ಮೀ. ಹಿಂಬದಿ ಹಲಗೆಯ ಮೂಲಕ. ಮನೆ ಚಿರೇಕಲ್ಲಿನದು, ಕಲ್ಲು ಅಲ್ಲಲ್ಲಿ ಮೆದು. ಒಳಗೆ ಮೇಲ್ಗಡೆ ಗಟ್ಟಿಮರದ ಪಟ್ಟಿ ಸೇರಿಸಿ, ಉದ್ದದ ಪ್ಲಗ್ಗುಗಳಿಂದ ಗೋಡೆಗೆ ಹಿಡಿಸಿದೆ. ಉಳಿದ ನಾಲ್ಕು ಪೆಟ್ಟಿಗೆಗಳಿಗೂ ಅದನ್ನೇ ಮಾಡಿ, ಮೂಲೆಗಳಿಗೆ ಕನ್ಫರ್ಮೇಟ್ ಸೇರಿಸಿದೆ. ಕೆಲಸಕ್ಕೆ ಆ ಹುಡುಗನನ್ನೇ ಕರೆದುಕೊಂಡಿದ್ದೆ, ಸಂಬಳ ಕೊಟ್ಟು.

ಸಿಂಕಿನ ಕೆಳಗಿನ ಪೆಟ್ಟಿಗೆಯನ್ನು ಮಾತ್ರ ಮುಟ್ಟಲಿಲ್ಲ. ಅದರ ತಳ ಪದರು ಪದರಾಗಿ ಎದ್ದಿತ್ತು, ಅಲ್ಲಿ ಯಾವ ಸ್ಕ್ರೂವೂ ನಿಲ್ಲುವಂತಿರಲಿಲ್ಲ. ಅದನ್ನು ತೆಗೆದು, ನೀರು ತಡೆಯುವ ಮೆರೈನ್ ದರ್ಜೆಯ, ಐಎಸ್ 710 ಮುದ್ರೆ ಇರುವ ಪ್ಲೈವುಡ್‌ನಲ್ಲಿ ಹೊಸದು ಮಾಡಿಕೊಟ್ಟೆ. ಮುದ್ರೆಯನ್ನು ಅಕ್ಕೋರು ಕನ್ನಡಕ ಹಾಕಿಕೊಂಡು ತಾವೇ ಓದಿ ನೋಡಿದರು.

ಮುಂದಿನ ವರ್ಷ ಮಳೆ ಬಿಟ್ಟ ಮೇಲೆ ವರ್ನಿಯರ್ ತಗೊಂಡು ಹೋಗಿದ್ದೆ. ಬಿರುಕು ಬಿಟ್ಟಿದ್ದ ಮೂಲೆ 18.4ರಲ್ಲೇ ಇತ್ತು. ಸಂದಿನಲ್ಲಿ ಪೋಸ್ಟ್‌ಕಾರ್ಡಿನ ಅಂಚು ಹೋಗಲಿಲ್ಲ. ಎಡಬಾಗಿಲು ಒಂದು ಮಿ.ಮೀ. ಇಳಿದಿತ್ತು, ಕೀಲಿನಲ್ಲೇ ಹೊಂದಿಸುವ ತಿರುಪು ಇರುತ್ತದೆ, ಅದನ್ನು ಕಾಲು ಸುತ್ತು ತಿರುಗಿಸಿದೆ. ಹಲಗೆಗೆ ಹೋದ ಸ್ಕ್ರೂಗಳನ್ನು ಮುಟ್ಟಿ ನೋಡಿದೆ, ಯಾವುದನ್ನೂ ತಿರುಗಿಸಲಿಲ್ಲ.